ದ್ರಾಕ್ಷಾರಸವೂ ಈಚಲು ಹೆಂಡವೂ

ಭದ್ರಾವತಿಗೆ ಹಿಂದೆ ಬೆಂಕಿಪುರವೆಂದು ಹೆಸರು. ಹೊಳೆಯ ಒಂದು ಕಡೆ ಲಕ್ಷ್ಮೀನರಸಿಂಹನ ಹೊಯ್ಸಳ ಗುಡಿಯಿರುವ ಹಳೆಯ ಊರು. ಇನ್ನೊಂದು ಕಡೆ ಕಬ್ಬಿಣದ ಕಾರ್ಖಾನೆಯೊಡನೆ ಹುಟ್ಟಿ ಬೆಳೆದ ನಮ್ಮ ನ್ಯೂಟೌನ್. 1918ರಲ್ಲಿ ಆರಂಭವಾಗಿ 1923ರಲ್ಲಿ ಮೊದಲ ಕಬ್ಬಿಣವನ್ನು ಹರಿಸಿದ ಈ ಕಾರ್ಖಾನೆಯ ಕಥೆಯನ್ನು ಹೇಳುವಾಗ ಎಲ್ಲರೂ ವಿಶ್ವೇಶ್ವರಯ್ಯನವರನ್ನು ನೆನೆಯುತ್ತಾರೆ, ಕೆಮ್ಮಣ್ಣುಗುಂಡಿಯ ಅದಿರನ್ನು ನೆನೆಯುತ್ತಾರೆ. ಆದರೆ ಅದರ ಒಂದು ಅಧ್ಯಾಯವನ್ನು ಈಗ ಹೆಚ್ಚು ಜನ ಬಲ್ಲವರಿಲ್ಲ. ಕಲ್ಲಿದ್ದಲು ಸಿಕ್ಕದ ಸಂಸ್ಥಾನದಲ್ಲಿ ಅದಿರನ್ನು ಕರಗಿಸಲು ಮಲೆನಾಡಿನ ಸೌದೆಯ ಇದ್ದಿಲೇ ಗತಿಯಾಗಿತ್ತು. ಸೌದೆಯನ್ನು ಗಾಳಿಯಾಡದಂತೆ ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿದಾಗ ಒಳಗೆ ಇದ್ದಿಲು ಉಳಿಯುತ್ತಿತ್ತು. ಏಳುವ ಹೊಗೆಯನ್ನೂ ಬಿಡದೆ ಹಿಡಿದು ತಣಿಸಿದರೆ ಡಾಂಬರು ಸಿಕ್ಕುತ್ತಿತ್ತು, ಸುಣ್ಣದ ಅಸಿಟೇಟ್ ಸಿಕ್ಕುತ್ತಿತ್ತು, ಮೀಥೈಲ್ ಆಲ್ಕೊಹಾಲ್ ಸಿಕ್ಕುತ್ತಿತ್ತು. ಈ ಕೊನೆಯದಕ್ಕೆ ಮರದ ಮದ್ಯಸಾರವೆಂದು ಹೆಸರು. ನೋಡಲು ನೀರಿನಂತೆ ತಿಳಿ. ಕುಡಿದವನಿಗೆ ಮೊದಲು ಕಣ್ಣು ಹೋಗುತ್ತದೆ, ಅನಂತರ ಪ್ರಾಣ. ಕಾರ್ಖಾನೆಗಳ ಬಳಕೆಗೇ ಹೊರತು ಮನುಷ್ಯನ ಬಾಯಿಗೆ ಅದು ಬಂದದ್ದಲ್ಲ. ಆ ಘಟಕ ಈಗಿಲ್ಲ. ಆದರೆ ನ್ಯೂಟೌನಿನಲ್ಲಿ ಒಂದು ಕಾಲಕ್ಕೆ ಬಹು ದೊಡ್ಡ ಭಟ್ಟಿಯೊಂದಿತ್ತು, ಅದರ ರಸವನ್ನು ಯಾರೂ ರುಚಿ ನೋಡುವಂತಿರಲಿಲ್ಲ ಎಂಬುದು ಚರಿತ್ರೆಯ ಒಂದು ವಿನೋದ.

ಇಂಥ ಊರಿನಿಂದ ಹೊರಟು, ಕಳೆದ ಬೇಸಿಗೆ ರಜೆಯಲ್ಲಿ, ರುಚಿ ನೋಡುವುದಕ್ಕೆಂದೇ ಜನ ದುಡ್ಡು ಕೊಟ್ಟು ಹೋಗುವ ಒಂದು ಸ್ಥಳವನ್ನು ನೋಡಿಬಂದೆ. ಬೆಂಗಳೂರಿನಲ್ಲಿರುವ ನನ್ನ ಭಾವಮೈದುನ ಒತ್ತಾಯ ಮಾಡಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಕಡೆಗಿರುವ ಗ್ರೋವರ್ ದ್ರಾಕ್ಷಿ ತೋಟ ಮತ್ತು ಅದರ ವೈನ್ ತಯಾರಿಕೆಯ ಮನೆ ಅದು.

ಈ ತೋಟದ ಹುಟ್ಟೇ ಒಂದು ಸ್ವಾರಸ್ಯವಾದ ಸಂಗತಿ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ವ್ಯಾಪಾರದ ನಿಮಿತ್ತ ಆಗಾಗ ಫ್ರಾನ್ಸಿಗೆ ಹೋಗಿ ಬರುತ್ತಿದ್ದರು. ಅಲ್ಲಿನ ದ್ರಾಕ್ಷಾರಸಕ್ಕೆ ಮನಸೋತು, ಅಂಥದ್ದನ್ನು ಭಾರತದ ಮಣ್ಣಿನಲ್ಲಿ ಏಕೆ ತೆಗೆಯಬಾರದೆಂದು ಯೋಚಿಸಿದರು. ಷಾಂಪೇನ್ ಸೀಮೆಯ ತಜ್ಞ ಜಾರ್ಜ್ ವೆಸೆಲ್ ಅವರನ್ನು ಕರೆಸಿ, ಅನೇಕ ಫ್ರೆಂಚ್ ತಳಿಗಳನ್ನು ನೆಟ್ಟು ಪರೀಕ್ಷಿಸಿ, ಕೊನೆಗೆ ನಂದಿಯ ತಪ್ಪಲನ್ನು ಆರಿಸಿಕೊಂಡರು. 1988ರಲ್ಲಿ ಸಂಸ್ಥೆ ಆರಂಭವಾಯಿತು. ಮುಂದೆ ಬೋರ್ಡೋ ಪ್ರಾಂತ್ಯದ ಹೆಸರಾಂತ ತಜ್ಞ ಮಿಷೆಲ್ ರೊಲಾಂ ಸಲಹೆಗಾರರಾಗಿ ಬಂದರು. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರ, ಹಗಲು ಬಿಸಿಲು, ಇರುಳು ತಂಪು: ಇದೇ ಆ ನೆಲದ ಬಂಡವಾಳ.

ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆಯುದುರಿಸಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೆಂಬುದೇ ಇಲ್ಲ. ಅದಕ್ಕಾಗಿ ಇಲ್ಲಿ ವರ್ಷಕ್ಕೆ ಎರಡು ಬಾರಿ ಕತ್ತರಿ ಹಾಕುತ್ತಾರೆ. ಬೇಸಿಗೆಯ ಸವರಿಕೆ ಹೊಸ ರೆಂಬೆಗಳನ್ನು ಕೊಡುತ್ತದೆ. ಮಳೆಗಾಲ ಮುಗಿಯುವ ಹೊತ್ತಿನ ಸವರಿಕೆ ಹಣ್ಣನ್ನು ಕೊಡುತ್ತದೆ. ಶಿವರಾತ್ರಿಯ ಆಚೀಚೆ ಸುಗ್ಗಿ. ನಾವು ಹೋದಾಗ ಹಣ್ಣು ಮುಗಿದು, ಬಳ್ಳಿಗಳು ಸವರಿಸಿಕೊಂಡು ಬೋಳಾಗಿ ನಿಂತಿದ್ದವು. ತೋಟದ ಕೆಲಸದಲ್ಲಿದ್ದ ಹೆಂಗಸರು ನಮ್ಮನ್ನು ಕಂಡು, ‘ಇನ್ನೆರಡು ತಿಂಗಳು ಮೊದಲೇ ಬರಬೇಕಿತ್ತು, ಸಾರ್’ ಎಂದರು.

ಒಳಗೆ ಒಬ್ಬ ಯುವಕ ವಿವರಣೆ ಕೊಟ್ಟ. ಬಿಳಿಯ ವೈನಿಗಾದರೆ ಹಣ್ಣನ್ನು ಹಿಂಡಿ ಸಿಪ್ಪೆಯನ್ನು ಕೂಡಲೆ ಬೇರ್ಪಡಿಸುತ್ತಾರೆ. ಕೆಂಪಿಗೆ ಸಿಪ್ಪೆಯೊಡನೆಯೇ ಹುದುಗಿಗೆ ಬಿಡುತ್ತಾರೆ. ಬಣ್ಣವಿರುವುದು ಸಿಪ್ಪೆಯಲ್ಲಿ, ರಸದಲ್ಲಲ್ಲ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಹಣ್ಣಿನ ಸಕ್ಕರೆಯನ್ನು ತಿಂದು ಆಲ್ಕೊಹಾಲನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತದೆ. ಉಕ್ಕಿನ ತೊಟ್ಟಿಗಳಲ್ಲಿ ರಸವನ್ನು ತಂಪಾಗಿಟ್ಟು ಈ ಕೆಲಸವನ್ನು ನಿಧಾನಗೊಳಿಸುತ್ತಾರೆ. ಕೆಲವು ಕೆಂಪು ವೈನುಗಳು ಫ್ರಾನ್ಸಿನಿಂದ ತರಿಸಿದ ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಮಲಗಿರುತ್ತವೆ. ದೋಸೆಹಿಟ್ಟು ಹುಳಿಬರುವುದನ್ನು ದಿನವೂ ನೋಡುವ ನನ್ನ ಮನೆಯಾಕೆಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ‘ಚಳಿಯಲ್ಲಿ ಹಿಟ್ಟು ಹುದುಗುವುದಿಲ್ಲ ಎಂದು ನಾವು ಒದ್ದಾಡುತ್ತೇವೆ; ಇವರು ಬೇಕೆಂದೇ ತಣ್ಣಗಿಡುತ್ತಾರೆ, ಅಷ್ಟೇ ವ್ಯತ್ಯಾಸ’ ಎಂದಳು.

ಅನಂತರ ರುಚಿ ನೋಡುವ ಕೋಣೆ. ಗಾಜಿನ ಬಟ್ಟಲನ್ನು ಬುಡದ ಕಡ್ಡಿಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ ಬಣ್ಣ ನೋಡಿ, ಮೆಲ್ಲನೆ ತಿರುಗಿಸಿ, ಮೂಸಿ, ಒಂದು ಗುಟುಕನ್ನು ನಾಲಗೆಯ ಮೇಲೆ ಹೊರಳಿಸಬೇಕು. ಬೇಡದವರು ಉಗಿಯುವುದಕ್ಕೆ ಪಾತ್ರೆಯೂ ಇತ್ತು. ‘ಸಂಕೋಚ ಬೇಡ ಭಾವ, ಉಗಿಯುವುದೂ ಇಲ್ಲಿ ಮರ್ಯಾದೆಯೇ’ ಎಂದು ಭಾವಮೈದುನ ಧೈರ್ಯ ಹೇಳಿದ. ಬಿಳಿಯದರಲ್ಲಿ ಹೊಸ ಹುಲ್ಲಿನ, ನಿಂಬೆಯ ಸಿಪ್ಪೆಯ ವಾಸನೆ. ಕೆಂಪು ಶಿರಾಜನ್ನು ಬಾಯಿಗಿಟ್ಟಾಗ ನಾಲಗೆ ಒಣಗಿ ಹಿಡಿದಂತಾಯಿತು. ಇದು ಟ್ಯಾನಿನ್ ಎಂದು ಆ ಯುವಕ ಬಹಳ ಹೊತ್ತು ವರ್ಣಿಸಿದ. ನಮಗೆ ಅಷ್ಟು ವರ್ಣನೆ ಬೇಕಿರಲಿಲ್ಲ. ಕನ್ನಡದಲ್ಲಿ ಅದಕ್ಕೆ ಒಗರು ಎಂಬ ಒಂದೇ ಮಾತುಂಟು. ಷಡ್ರಸಗಳಲ್ಲಿ ಅದೂ ಒಂದು. ಇನ್ನು ಶಿವಮೊಗ್ಗದ ಕಡೆಯವರಿಗಂತೂ ಹೇಳಬೇಕಾದದ್ದೇ ಇಲ್ಲ. ಹಸಿ ಅಡಿಕೆಯನ್ನು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರು ಇದೇ ವರ್ಗದ ವಸ್ತು. ಚೊಗರನ್ನು ಬಲ್ಲ ನಾಲಗೆಗೆ ಫ್ರಾನ್ಸಿನ ಕೆಂಪು ವೈನ್ ದೂರದ ನೆಂಟನಂತೆ ಕಾಣುತ್ತದೆ.

ಹೊರಗೆ ಬಂದು ಮರದ ನೆರಳಲ್ಲಿ ಕುಳಿತಾಗ ಮನೆಯಾಕೆ ಒಂದು ಪ್ರಶ್ನೆ ಕೇಳಿದಳು: ‘ಅಲ್ಲಾ ರೀ, ಈಚಲು ಹೆಂಡದ ಅಂಗಡಿಗೆ ಹೋಗೋಣ ಬಾ ಎಂದು ನೀವು ನನ್ನನ್ನು ಕರೆಯುತ್ತಿದ್ದಿರಾ?’ ನಾನು ಇಲ್ಲವೆಂದೆ. ‘ಹಾಗಾದರೆ ಇಲ್ಲಿಗೆ ಹೇಗೆ ಕರೆದಿರಿ?’ ಎಂದಳು. ಈ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲಿಲ್ಲ, ನಮ್ಮ ಚರಿತ್ರೆಯಲ್ಲಿದೆ ಎಂದು ನನಗೆ ತೋರಿತು.

ದ್ರಾಕ್ಷಿ ಕನ್ನಡ ನಾಡಿಗೆ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿ ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಬೆಂಗಳೂರು ನೀಲಿ ಎಂದು ಹೆಸರಾದ ದಪ್ಪ ಸಿಪ್ಪೆಯ ದ್ರಾಕ್ಷಿ ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರಗಳ ರೈತರನ್ನು ಬಹುಕಾಲದಿಂದ ಸಾಕಿದೆ; ಗೋವೆಯ ಸಿಹಿ ಪೋರ್ಟ್ ವೈನಿಗೆ ಹೋಗುವುದೂ ಇದೇ ಹಣ್ಣು. ದ್ರಾಕ್ಷಿಯ ಹುದುಗುರಸವೂ ನಮಗೆ ಹೊಸದಲ್ಲ. ಮದ್ಯದ ಹೆಸರೆತ್ತಿದರೆ ಮುಖ ಸಿಂಡರಿಸುವ ಎಷ್ಟೋ ಮನೆಗಳ ಗೂಡಿನಲ್ಲಿ ದ್ರಾಕ್ಷಾರಿಷ್ಟದ ಸೀಸೆಯುಂಟು. ಧಾತಕಿಯ ಹೂವು ಹಾಕಿ ಹುದುಗಿಸುವ ಆ ಔಷಧದಲ್ಲಿ ಆಲ್ಕೊಹಾಲ್ ತಾನಾಗಿ ಹುಟ್ಟಿರುತ್ತದೆ. ಊಟವಾದ ಮೇಲೆ ಎರಡು ಚಮಚ ಕುಡಿದು ಅಜ್ಜಿ ಜಪಕ್ಕೆ ಕೂರುತ್ತಾಳೆ. ಯಾರೂ ಆಕೆಯನ್ನು ಕುಡುಕಿ ಎಂದಿಲ್ಲ. ಹೆಸರೂ ಬಟ್ಟಲೂ ಬದಲಾದರೆ ರಸದ ಜಾತಿ ಬದಲಾಗುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಸಾಹಿತ್ಯಕ್ಕೆ ಬಂದರೂ ಇದೇ ಕಥೆ. ಮಹಾಕಾವ್ಯದಲ್ಲಿ ಇರಬೇಕೆಂದು ಲಾಕ್ಷಣಿಕರು ಎಣಿಸಿದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಸಮುದ್ರ, ಪರ್ವತ, ಚಂದ್ರೋದಯಗಳಂತೆ ಅದೂ ಕವಿಗೆ ವಿಧಿಸಿದ ಕರ್ತವ್ಯ. 941ರ ಸುಮಾರಿಗೆ ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದಾಗ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯನ್ನು ಸವಿಸ್ತಾರವಾಗಿ ಚಿತ್ರಿಸಿದ. ಬಗೆಬಗೆಯ ಮದ್ಯಗಳ ಹೆಸರು, ಹಕ್ಕಿಗಳ ಆಕಾರದ ಪಾನಪಾತ್ರೆಗಳು, ಕುಡಿಯುವ ಮೊದಲು ಮಾಡುವ ಪೂಜೆ, ಅಮಲೇರಿದವರ ತೊದಲು ಎಲ್ಲವೂ ಅಲ್ಲಿವೆ. ಆದಿಪುರಾಣವನ್ನು ಬರೆದ ಜೈನ ಕವಿಯೇ ಇದನ್ನೂ ಬರೆದ. ತರಗತಿಯಲ್ಲಿ ಈ ಭಾಗವನ್ನು ಪಾಠ ಮಾಡುವಾಗ ನಾವು ಅಧ್ಯಾಪಕರು ಅಲಂಕಾರಗಳನ್ನು ವಿವರಿಸುತ್ತೇವೆ, ರಾಜಧಾನಿಯ ವೈಭವವನ್ನು ಕೊಂಡಾಡುತ್ತೇವೆ. ಕುಡಿತವೆಂಬ ಮಾತು ನಮ್ಮ ಬಾಯಿಗೆ ಬರುವುದೇ ಇಲ್ಲ.

ಎರಡು ಶತಮಾನಗಳ ಮೇಲೆ, 1129ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ರಾಜನಾದವನು ಹೇಗೆ ಉಣ್ಣಬೇಕು, ಹೇಗೆ ಉಡಬೇಕು, ಹೇಗೆ ಆಡಬೇಕು ಎಂಬುದೆಲ್ಲ ಅದರಲ್ಲಿ ಉಂಟು. ಮದಿರಾಪಾನವೂ ಅಲ್ಲಿ ಅರಸನ ಒಂದು ಕ್ರೀಡೆ. ನಂದಿಯ ತಪ್ಪಲಿನ ರುಚಿಕೋಣೆಯಲ್ಲಿ ಬಟ್ಟಲು ತಿರುಗಿಸುವ ಕ್ರಮವನ್ನು ಕಲಿಯುವಾಗ ನನಗೆ ಸೋಮೇಶ್ವರನೇ ನೆನಪಾದ. ಕುಡಿಯುವುದನ್ನು ಒಂದು ಕಲೆಯಾಗಿ, ಒಂದು ನಾಜೂಕಾಗಿ ಮಾಡಬಲ್ಲವರಿಗೆ ಬಿಡುವಿರಬೇಕು, ಹಣವಿರಬೇಕು, ನೆರಳಿರಬೇಕು. ಅವು ಇದ್ದವರಿಗೆ ಪಾನವು ಗೋಷ್ಠಿ. ಇಲ್ಲದವರಿಗೆ ಅದೇ ಚಟ.

ಆದರೆ ಅದೇ ಕಲ್ಯಾಣಕ್ಕೆ ಇನ್ನೊಂದು ಬಟ್ಟಲೂ ಉಂಟು. ಸೋಮೇಶ್ವರನ ಕಾಲವಾಗಿ ಕೆಲವೇ ದಶಕಗಳಲ್ಲಿ, ಬಸವಣ್ಣನವರ ಸುತ್ತ ನೆರೆದ ಶರಣರಲ್ಲಿ ಹೆಂಡದ ಮಾರಯ್ಯ ಎಂಬಾತನೊಬ್ಬ. ಹೆಂಡ ಮಾರುವುದೇ ಅವನ ಕಾಯಕ. ಉಳಿದಿರುವುದು ಅವನ ಕೆಲವೇ ವಚನಗಳು, ಅಂಕಿತ ಧರ್ಮೇಶ್ವರಲಿಂಗ. ತನ್ನ ಕಸುಬಿನ ಮಡಕೆಯನ್ನೂ ಹೆಂಡವನ್ನೂ ಅಮಲನ್ನೂ ಅವನು ಬಚ್ಚಿಡಲಿಲ್ಲ. ಅವುಗಳನ್ನೇ ಅನುಭಾವದ ಮಾತಾಗಿ ಮಾಡಿದ. ಅರಸನು ಕುಡಿತವನ್ನು ಆಟವಾಗಿ ಬರೆದ ಊರಿನಲ್ಲೇ ಹೆಂಡ ಮಾರುವವನು ಅದನ್ನು ದೇವರ ಬಳಿಗೆ ಒಯ್ದ. ಶರಣರ ಸಾಲಿನಲ್ಲಿ ಅವನಿಗೆ ಸಿಕ್ಕಿದ ಸ್ಥಾನ ಯಾವ ಶಾಸ್ತ್ರದ ಲೆಕ್ಕಕ್ಕೂ ಸಿಕ್ಕುವಂಥದಲ್ಲ.

ಮಾರಯ್ಯನ ಮಡಕೆಯಲ್ಲಿದ್ದದ್ದು ಮರದಿಂದ ಬಂದದ್ದು. ಕಳ್ ಎಂಬುದು ಕನ್ನಡ, ತಮಿಳು, ತೆಲುಗುಗಳಿಗೆ ಸಮಾನವಾದ ಹಳೆಯ ಮಾತು. ಬಯಲುಸೀಮೆಯಲ್ಲಿ ಈಚಲ ಮರದ ಹೆಂಡ, ಕರಾವಳಿಯಲ್ಲಿ ತೆಂಗು ತಾಳೆಗಳ ಕಳ್ಳು. ಈಡಿಗರು, ಬಿಲ್ಲವರು, ನಮ್ಮ ಮಲೆನಾಡಿನ ದೀವರು ಮೊದಲಾದ ಸಮುದಾಯಗಳಲ್ಲಿ ಅನೇಕರ ಹಿರಿಯರಿಗೆ ಇದು ತಲೆಮಾರಿನ ವಿದ್ಯೆ. ಮರದ ಯಾವ ಮಗ್ಗುಲನ್ನು ಎಷ್ಟು ಕೆತ್ತಬೇಕು, ಗಾಯವನ್ನು ಎಷ್ಟು ದಿನ ಆರಲು ಬಿಡಬೇಕು, ಮಡಕೆಯನ್ನು ಯಾವ ಹೊತ್ತಿಗೆ ಇಳಿಸಬೇಕು ಎಂಬುದನ್ನು ಕೈಯೇ ಬಲ್ಲುದು. ಬೆಳಗ್ಗೆ ಇಳಿಸಿದಾಗ ಸಿಹಿ, ಬಿಸಿಲೇರುತ್ತಲೂ ಹುಳಿ. ಅದರಲ್ಲಿ ಹುದುಗುವ ಆಲ್ಕೊಹಾಲ್ ವೈನಿನಲ್ಲಿರುವುದರ ಅರ್ಧದಷ್ಟೂ ಇರುವುದು ಅಪರೂಪ. ಅಮಲಿನ ಲೆಕ್ಕವನ್ನೇ ಹಿಡಿದರೆ ಹೆಂಡಕ್ಕಿಂತ ದ್ರಾಕ್ಷಾರಸ ಬಲವಾದದ್ದು. ಮರ್ಯಾದೆಯ ಲೆಕ್ಕ ಮಾತ್ರ ಇದಕ್ಕೆ ತಲೆಕೆಳಗು.

ಹೆಂಡಕ್ಕೆ ಮರ್ಯಾದೆ ಹೋದದ್ದಕ್ಕೆ ಕಾರಣಗಳಿಲ್ಲವೆಂದಲ್ಲ. ಬ್ರಿಟಿಷರ ಕಾಲದ ಅಬ್ಕಾರಿ ಪದ್ಧತಿಯಲ್ಲಿ ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು. ಹೆಚ್ಚು ಬೆಲೆಗೆ ಕೂಗಿದ ಗುತ್ತಿಗೆದಾರ ಹೆಚ್ಚು ಕುಡಿಸಲೇಬೇಕು. ಕೂಲಿಯವನ ವಾರದ ಸಂಬಳ ಮನೆಗೆ ಬರುವ ದಾರಿಯಲ್ಲೇ ಕರಗಿತು. ಗಾಂಧೀಜಿಯ ಹೋರಾಟದಲ್ಲಿ ಪಾನನಿರೋಧಕ್ಕೆ ಸ್ಥಾನ ಬಂದದ್ದು ಇದರಿಂದಲೇ. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲ ಮರಗಳನ್ನು ಕಡಿದು ಸೆರೆಮನೆಗೆ ಹೋದರು. ಸ್ವತಂತ್ರ ಭಾರತದ ಸಂವಿಧಾನವೂ ತನ್ನ 47ನೆಯ ವಿಧಿಯಲ್ಲಿ ಪಾನನಿರೋಧವನ್ನು ಸರ್ಕಾರದ ಗುರಿಯಾಗಿ ಹೇಳಿತು. ಆ ಕೊಡಲಿಗಳ ಹಿಂದೆ ಇದ್ದದ್ದು ಹೆಂಡದ ದ್ವೇಷಕ್ಕಿಂತ ಹೆಚ್ಚಾಗಿ ಅಬ್ಕಾರಿ ಹಣದಿಂದ ಬೊಕ್ಕಸ ತುಂಬಿಕೊಳ್ಳುತ್ತಿದ್ದ ಆಡಳಿತದ ದ್ವೇಷ. ಆದರೂ ಪೆಟ್ಟು ಬಿದ್ದದ್ದು ಮರಕ್ಕೆ, ಮರ ಹತ್ತುವವನಿಗೆ. ಅದೇ ಸುಮಾರಿಗೆ ಜಿ. ಪಿ. ರಾಜರತ್ನಂ ಅವರು ಯೆಂಡ್ಕುಡುಕ ರತ್ನನನ್ನು ಸೃಷ್ಟಿಸಿದರು. ತಾವು ಕುಡಿಯದವರು, ಆದರೂ ಕುಡುಕನ ಬಾಯಿಗೆ ಕನ್ನಡದ ಮಮತೆಯನ್ನೂ ಹೆಂಡತಿಯ ಪ್ರೀತಿಯನ್ನೂ ಕೊಟ್ಟರು. ಮಾರಯ್ಯನ ಅನಂತರ ಹೆಂಡದ ಮಡಕೆಯನ್ನು ಇಷ್ಟು ಮನುಷ್ಯತ್ವದಿಂದ ಎತ್ತಿಕೊಂಡವರು ನಮ್ಮಲ್ಲಿ ವಿರಳ.

ಈಚಿನ ಚರಿತ್ರೆಯಲ್ಲಿ 2007ನೆಯ ಇಸವಿಯನ್ನು ನಾವು ಗಮನಿಸಬೇಕು. ಆ ವರ್ಷದ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಕರಾವಳಿಯನ್ನು ಬಿಟ್ಟರೆ ರಾಜ್ಯದ ಬಹುಭಾಗದಲ್ಲಿ ಹೆಂಡದ ಅಂಗಡಿ ಅದಕ್ಕೂ ಮೊದಲೇ ಮುಚ್ಚಿತ್ತು. ಕಲಬೆರಕೆಯ ದೂರು ಬಲವಾಗಿತ್ತು. ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿತು. ವೈನ್ ಮಂಡಳಿಯೂ ಸ್ಥಾಪನೆಯಾಯಿತು. ನಂದಿ ಕಣಿವೆ, ಕೃಷ್ಣಾ ಕಣಿವೆಗಳ ದ್ರಾಕ್ಷಿ ಬೆಳೆಗಾರನಿಗೆ ನೆರವಾಗಬೇಕೆಂಬ ಉದ್ದೇಶ ಒಳ್ಳೆಯದೇ. ಹಣ್ಣು ಅಗ್ಗವಾದ ವರ್ಷ ಗೊಂಚಲು ಬಳ್ಳಿಯಲ್ಲೇ ಕೊಳೆಯುವುದನ್ನು ಕಂಡವರು ಇದನ್ನು ಹಳಿಯಲಾರರು. ಆದರೂ ಒಂದೇ ವರ್ಷದಲ್ಲಿ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದದ್ದು ಕಣ್ಣಿಗೆ ಬೀಳದೆ ಇರದು. ಮುಚ್ಚಿದ ಬಾಗಿಲಲ್ಲಿ ನಿಂತಿದ್ದವರು ಯಾರು, ತೆರೆದ ಬಾಗಿಲಿಂದ ಒಳಗೆ ಹೋದವರು ಯಾರು ಎಂಬುದನ್ನು ವಿವರಿಸಬೇಕಾಗಿಲ್ಲ.

ಸಾರಾಯಿಯನ್ನು ನಾನು ಸಮರ್ಥಿಸುತ್ತಿಲ್ಲ. ಕಾರ್ಖಾನೆಯ ಊರಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಅದು ಮಾಡಿದ ಅನಾಹುತ ತಿಳಿಯದ್ದಲ್ಲ. ಪರೀಕ್ಷೆಯ ಶುಲ್ಕ ಕಟ್ಟಲಾರದೆ ಬಾಗಿಲಲ್ಲಿ ನಿಂತ ಹುಡುಗಿಯರ ಮುಖದಲ್ಲಿ ಅದನ್ನು ಓದಿದ್ದೇನೆ. ಆದರೆ ಅಂಗಡಿ ಮುಚ್ಚಿದ ಮಾತ್ರಕ್ಕೆ ಬಾಯಾರಿಕೆ ಮುಚ್ಚುವುದಿಲ್ಲ. ಕೆಲವರು ಅಗ್ಗದ ವಿಸ್ಕಿ ರಮ್ಮುಗಳ ಪುಟ್ಟ ಪೊಟ್ಟಣಗಳಿಗೆ ತಿರುಗಿದರು, ಕೆಲವರು ಕಳ್ಳಭಟ್ಟಿಗೆ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತು ಗಡಿಯಾಚೆಯ ತಮಿಳುನಾಡಿನ ಊರುಗಳಲ್ಲಿ ವಿಷಮದ್ಯ ಕುಡಿದು 100ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಹಿಂದೆ, ಸಾರಾಯಿ ಅಂಗಡಿಗಳು ತೆರೆದೇ ಇದ್ದ 1981ರಲ್ಲಿ, ಬೆಂಗಳೂರಿನಲ್ಲಿ ಸುಮಾರು 300 ಮಂದಿ ಸತ್ತಿದ್ದರು. ಎರಡು ಸಲವೂ ಕೊಂದದ್ದು ಒಂದೇ ವಸ್ತು: ಮೀಥೈಲ್ ಆಲ್ಕೊಹಾಲ್. ನಮ್ಮ ಊರಿನ ಹಳೆಯ ಭಟ್ಟಿಗೂ ಈ ಸಾವುಗಳಿಗೂ ಯಾವ ಸಂಬಂಧವೂ ಇಲ್ಲ. ಅಲ್ಲಿ ಅದು ಇಂಥದೆಂದು ತಿಳಿದೇ ತೆಗೆದರು, ಪೀಪಾಯಿಯಲ್ಲಿ ತುಂಬಿ ಕಾರ್ಖಾನೆಗಳಿಗೆ ಕಳಿಸಿದರು. ಇಲ್ಲಿ ಅದನ್ನೇ ಕುಡಿಯುವ ಮದ್ಯವೆಂದು ನಂಬಿಸಿ ಬಡವನ ಕೈಗೆ ಕೊಟ್ಟರು. ಸತ್ತವರು ಹೆಚ್ಚಿನಂಶ ಕೂಲಿಕಾರರು. ಕುಡಿಯುವ ಮದ್ಯಕ್ಕೂ ಕೊಲ್ಲುವ ಮದ್ಯಕ್ಕೂ ವಾಸನೆಯಲ್ಲಿ, ಬಣ್ಣದಲ್ಲಿ ಅವರಿಗೆ ಭೇದ ಕಾಣಲಿಲ್ಲ. ಬಟ್ಟಲನ್ನು ಬೆಳಕಿಗೆ ಒಡ್ಡಿ ನೋಡಿದ್ದರೂ ಕಾಣುತ್ತಿರಲಿಲ್ಲ.

ನಂದಿಯ ತಪ್ಪಲಲ್ಲಿ ನಾವು ಕಂಡ ಪರೀಕ್ಷಾಲಯ, ಪ್ರತಿ ತೊಟ್ಟಿಗೂ ಬರೆದಿಟ್ಟ ದಿನಾಂಕ, ಸೀಸೆಯ ಮೇಲೆ ಅಚ್ಚಾದ ಶೇಕಡಾವಾರು ಲೆಕ್ಕ, ಇವು ವೈನಿಗೆ ಬಂದ ನಿಜವಾದ ಮರ್ಯಾದೆ. ಗಾಜಿನ ಬಟ್ಟಲಾಗಲಿ ಫ್ರೆಂಚ್ ಹೆಸರಾಗಲಿ ಅಲ್ಲ. ಕುಡಿಯುವವನಿಗೆ ತಾನು ಏನನ್ನು ಕುಡಿಯುತ್ತಿದ್ದೇನೆಂದು ತಿಳಿದಿರುವುದು, ಮಾಡಿದವನಿಗೆ ತನ್ನ ಹೆಸರು ಹಾಕಲು ಅಂಜಿಕೆಯಿಲ್ಲದಿರುವುದು: ಇಷ್ಟನ್ನು ಈಚಲ ಮರದ ಕೆಳಗೂ ಏರ್ಪಡಿಸಬಹುದಾಗಿತ್ತು. ಹುದುಗುವ ಮೊದಲೇ ಇಳಿಸಿದ ನೀರಾ ಎಂಬ ಸಿಹಿ ಪಾನೀಯಕ್ಕೆ ಈಚೆಗೆ ಸಿಕ್ಕುತ್ತಿರುವ ಪ್ರೋತ್ಸಾಹ ಆ ದಿಕ್ಕಿನ ಒಂದು ಸಣ್ಣ ಹೆಜ್ಜೆ. ಮರ ಹತ್ತುವ ವಿದ್ಯೆಯನ್ನು ಬಲ್ಲ ಮುದುಕರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ಮಿಷೆಲ್ ರೊಲಾಂ ಬಂದು ಮಾಡಬೇಕಿಲ್ಲ. ನಮ್ಮ ಕಾಲೇಜುಗಳ ಕನ್ನಡ ವಿಭಾಗವೇ ಮಾಡಬಹುದು.

ಮನೆಯಾಕೆಯ ಪ್ರಶ್ನೆಗೆ ಪಂಪನೂ ಸೋಮೇಶ್ವರನೂ ಕೊಡುವ ಉತ್ತರ ಒಂದು: ಅರಮನೆಯ ಬಟ್ಟಲಿಗೆ ಹೆಂಡತಿಯನ್ನು ಕರೆದೊಯ್ಯಬಹುದು, ಅಂಗಡಿಯ ಮಡಕೆಗೆ ಕೂಡದು. ಅದೇ ಉತ್ತರವನ್ನು ನಾವು ಇಂದಿಗೂ ನಡೆಸಿಕೊಂಡು ಬರುತ್ತಿದ್ದೇವೆ. ಮಾರಯ್ಯ ಬೇರೆಯ ಉತ್ತರವನ್ನು ಕೊಟ್ಟಿದ್ದಾನೆ. ಮಡಕೆ ಯಾರದೆಂದು ಕೇಳುವ ಮೊದಲು ಅದರಲ್ಲೇನಿದೆ, ಅದನ್ನು ತುಂಬಿದ ಕೈ ಎಂಥದು ಎಂದು ನೋಡು ಎಂಬುದು ಅವನ ಬಾಳಿನ ಸಾರ. ಪಂಪನ ಪಾನಗೋಷ್ಠಿಗೆ ನಮ್ಮ ಪಠ್ಯಗಳಲ್ಲಿ ಜಾಗವುಂಟು. ಅದರ ಪಕ್ಕದಲ್ಲಿ ಹೆಂಡದ ಮಾರಯ್ಯನ ಒಂದು ವಚನವನ್ನೂ ಇಟ್ಟು ಪಾಠ ಹೇಳಿದರೆ ನಾಡಿನ ಚರಿತ್ರೆ ಹುಡುಗರಿಗೆ ಇನ್ನಷ್ಟು ಪೂರ್ತಿಯಾಗಿ ತಿಳಿದೀತು.